ರೇಣುಕಾ ಊರು ಮುಟ್ಟಿಸಿದ ಹಡಗು

ಕೇಬಲ್ ಟಿವಿ ಇದ್ದ ಮನೆಯ ಮಕ್ಕಳಿಗೆ ಬೀದಿಯಲ್ಲಿ ಒಂದು ಗತ್ತು ಇರುತ್ತಿದ್ದ ಕಾಲ ಅದು. ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಆ ಗತ್ತು ನನ್ನದಾಗಬೇಕಿತ್ತು. ಟಿವಿ ನಮ್ಮದು, ಹಾಲ್ ನಮ್ಮದು, ಸೋಫಾ ನಮ್ಮದು. ಆದರೂ ಅವರೆಕಾಯಿ ಕಾಲದ ಆ ಸಂಜೆಗಳಲ್ಲಿ ಮಕ್ಕಳೆಲ್ಲ ನಮ್ಮ ಮನೆಗೆ ಬರುತ್ತಿದ್ದದ್ದು ಹಿತ್ತಲಿನ ಬಾಡಿಗೆ ಮನೆಯ ರೇಣುಕಾಳಿಗಾಗಿ. ಇದನ್ನು ಬರೆಯುವಾಗ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ನಾವು ನೋಡುತ್ತಿದ್ದದ್ದು ಒಂದು ಇಂಗ್ಲಿಷ್ ಧಾರಾವಾಹಿ. ಆಕಾಶದಲ್ಲಿ ಎಲ್ಲೋ ದಾರಿ ತಪ್ಪಿ ಸಿಕ್ಕಿಹಾಕಿಕೊಂಡ ಹಡಗು, ಅದರೊಳಗೆ ಒಂದಷ್ಟು ಜನ, ಭೂಮಿಗೆ ವಾಪಸ್ಸಾಗಲು ಅವರು ಪಡುವ ಪಾಡು. ಹಡಗಿನ ಗೋಡೆಗಳು ಥರ್ಮಾಕೋಲಿನವು ಎಂದು ನಮಗೇ ಗೊತ್ತಾಗುತ್ತಿತ್ತು. ಆದರೆ ಒಳಗಿನ ಜನ ನಮ್ಮ ಮನೆಯವರ ಹಾಗೆ ಸುಸ್ತಾಗುತ್ತಿದ್ದರು, ಊಟ ಹಂಚಿಕೊಳ್ಳುತ್ತಿದ್ದರು, ಸಣ್ಣಪುಟ್ಟದ್ದಕ್ಕೆ ಕಿತ್ತಾಡುತ್ತಿದ್ದರು.

ಅದು ಬರುತ್ತಿದ್ದ ಹೊತ್ತಿಗೇ ತಾತನ ಸಂಧ್ಯಾವಂದನೆ. ದೇವರ ಮನೆ ಹಾಲಿಗೆ ಅಂಟಿಕೊಂಡೇ ಇತ್ತು.

"ನೋಡ್ಕೊಳ್ಳಿ, ಬೇಡ ಅನ್ನಲ್ಲ. ನಾನು ಕಣ್ಣು ಮುಚ್ಕೊಂಡು ಕೂತಿರ್ತೀನಿ. ಕಿವಿ ಮುಚ್ಕೊಳ್ಳೋಕಾಗಲ್ಲ, ಸೌಂಡ್ ಇಡಬೇಡಿ," ಎಂದು ತಾತ ತೀರ್ಪು ಕೊಟ್ಟಿದ್ದರು.

ಹೀಗಾಗಿ ಇಡೀ ಧಾರಾವಾಹಿಯನ್ನು ನಾವು ನೋಡಿದ್ದು ಸದ್ದಿಲ್ಲದೆ. ಅಜ್ಜಿಗೆ ಇದು ಅನುಕೂಲವೇ ಆಯಿತು. ನೆನೆಸಿದ ಅವರೆಕಾಳಿನ ಪಾತ್ರೆಯನ್ನು ನಮ್ಮ ಮಧ್ಯೆ ಇಟ್ಟು, "ಕೈ ಯಾಕೆ ಸುಮ್ನಿರತ್ತೆ, ಹಿತುಕ್ರೋ," ಅನ್ನುತ್ತಿದ್ದರು. ಸಿಪ್ಪೆಯಿಂದ ಜಾರಿದ ಬೇಳೆ ಒಮ್ಮೊಮ್ಮೆ ಚಿಮ್ಮಿ ಟಿವಿಯ ಗಾಜಿಗೆ ಬಡಿಯುತ್ತಿತ್ತು. ಬೆರಳೆಲ್ಲ ಅವರೆಯ ಸೊಗಡು.

ರೇಣುಕಾ ಗದಗದ ಕಡೆಯವಳು. ಅಪ್ಪನಿಗೆ ವರ್ಗವಾಗಿ ಬಂದಿದ್ದರು. ಮೊದಮೊದಲು ಬಾಗಿಲ ಬಳಿ ಮುದುಡಿ ಕೂತು ನೋಡುತ್ತಿದ್ದಳು. ಒಂದು ಸಂಜೆ ಗಡ್ಡದ ಕ್ಯಾಪ್ಟನ್ ಕಿಟಕಿಯಾಚೆಯ ಕತ್ತಲನ್ನು ನೋಡುತ್ತ ಬಾಯಿ ಆಡಿಸಿದಾಗ ಅವಳು ಪಿಸುಗುಟ್ಟಿದಳು:

"ಯಪ್ಪಾ, ನಮ್ಮೂರು ಇನ್ನ ಎಷ್ಟ್ ದೂರ ಐತಿ?"

ಪಕ್ಕದ ಸಣಕಲು ಇಂಜಿನಿಯರ್ ಬಾಯಿ ತೆರೆದ. ಅವನ ಮಾತೂ ಇವಳದೇ: "ಭಾಳ ದೂರ ಐತ್ರಿ. ರೊಟ್ಟಿ ನೋಡಿದ್ರ ನಾಳಿಗೆ ಮುಗೀತಾವು."

ನಗು ತಾತನಿಗೆ ಕೇಳಿಸಬಾರದೆಂದು ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದರು. ಅವತ್ತಿನಿಂದ ಇಡೀ ಹಡಗು ಅವಳ ಬಾಯಲ್ಲೇ ಮಾತಾಡಿತು. ಪಿಸುಮಾತಾದ್ದರಿಂದ ಮಕ್ಕಳು ಅವಳ ಸುತ್ತ ತಲೆಗೆ ತಲೆ ತಾಗಿಸಿ ಕೂರುತ್ತಿದ್ದರು. ಸೋಫಾದ ಮೇಲಿದ್ದ ನನಗೆ ಏನೂ ಕೇಳಿಸುತ್ತಿರಲಿಲ್ಲ. ಎರಡು ದಿನ ಬಿಗುಮಾನದಿಂದ ಕೂತೆ. ಮೂರನೆಯ ದಿನ ನನ್ನದೇ ಮನೆಯಲ್ಲಿ ಜಾಗ ಕೇಳಿಕೊಂಡು ನೆಲಕ್ಕಿಳಿದೆ.

ಅವಳದು ಕನ್ನಡ ಶಾಲೆ, ನನ್ನದು ಇಂಗ್ಲಿಷ್ ಮೀಡಿಯಂ. ಅದನ್ನಾದರೂ ತೋರಿಸೋಣವೆಂದು ಒಮ್ಮೆ, "ಅವನು ಹಾಗೆ ಹೇಳ್ತಿಲ್ಲ. ಇಂಜಿನ್ ಕೆಟ್ಟಿದೆ ಅಂತಿದಾನೆ," ಎಂದೆ.

"ನಿಂಗೆ ಕೇಳಿಸ್ತಾ?" ಎಂದ ಎದುರು ಮನೆಯ ಹರೀಶ. ಅವನು ನನ್ನ ಕ್ಲಾಸೇ.

"ತುಟಿ ನೋಡಿದ್ರೆ ಗೊತ್ತಾಗಲ್ವಾ?"

"ಸುಮ್ನಿರೇ, ಮುಂದಿಂದು ಹೋಗ್ಬಿಡತ್ತೆ."

ರೇಣುಕಾ ಮಾತ್ರ ತಣ್ಣಗೆ, "ಆತು ಬಿಡು, ಇಂಜಿನ್ನೂ ಕೆಡಸೂಣು," ಎಂದು ನನ್ನ ಕೆಟ್ಟ ಇಂಜಿನ್ನನ್ನೂ ಕಥೆಗೆ ಸೇರಿಸಿಕೊಂಡಳು. ಅದು ಸೊಗಸಾಗಿಯೂ ಇತ್ತು. ಅವಳು ಜಗಳವಾಡಿದ್ದರೆ ನನಗೆ ಸುಖವಿತ್ತು.

ಅವಳು ನೆಂಟರ ಮನೆಗೆ ಹೋಗಿದ್ದ ಒಂದು ದಿನ ನಾನೇ ಹಡಗಿನವರ ಮಾತು ಹೇಳಲು ಕೂತೆ. ಮೊದಲ ಜಾಹೀರಾತು ಬರುವಷ್ಟರಲ್ಲಿ ಎಲ್ಲರೂ ಅವರೆಕಾಳನ್ನೇ ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಹರೀಶ ಹೋಂವರ್ಕ್ ಇದೆಯೆಂದು ಎದ್ದು ಹೋದ. ಹರೀಶನಿಗೆ ಹೋಂವರ್ಕ್ ಎಂದರೆ ಏನೆಂದು ನನಗೆ ಗೊತ್ತಿಲ್ಲವೇ?

ಶಿವರಾತ್ರಿಯ ಹೊತ್ತಿಗೆ ನನಗೆ ಸೀತಾಳೆ ಸಿಡುಬು ಎದ್ದಿತು. "ಅಮ್ಮ ಆಗಿದೆ" ಎಂದು ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ನನ್ನನ್ನು ಮಹಡಿಯ ಕೋಣೆಯಲ್ಲಿ ಮಲಗಿಸಿದರು. ನೀರು ಹಾಕುವವರೆಗೂ ಯಾರೂ ಒಳಗೆ ಬರುವಂತಿಲ್ಲ. ಅದೇ ವಾರ ಚಾನೆಲ್‌ನವರು ಧಾರಾವಾಹಿಯನ್ನು ಅರ್ಧಕ್ಕೇ ನಿಲ್ಲಿಸಿ ಅಡುಗೆ ಕಾರ್ಯಕ್ರಮ ಹಾಕಿದರು. ಹಡಗು ದಾರಿಯಲ್ಲೇ ಉಳಿಯಿತು. ಮಕ್ಕಳು ಗೋಳಾಡಿದಾಗ ರೇಣುಕಾ, "ನಾ ಮುಗಸ್ತೀನಿ ಬರ್ರಿ," ಎಂದಳಂತೆ.

ಮುಗಿಸಿದ್ದು ಹರೀಶನ ಮನೆಯ ತಾರಸಿಯಲ್ಲಿ. ನನ್ನ ಕಿಟಕಿಗೆ ಎಲ್ಲವೂ ಕಾಣುತ್ತಿತ್ತು. ನೀರಿನ ಟ್ಯಾಂಕಿಗೆ ಒರಗಿ ಅವಳು ಕೈಯಾಡಿಸುತ್ತ ಹೇಳುತ್ತಿದ್ದಳು. ಒಂದು ಮಾತೂ ಕೇಳಿಸಲಿಲ್ಲ. ಮಕ್ಕಳು ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ತುಂಬ ಹೊತ್ತು ಯಾರೂ ಅಲ್ಲಾಡಲಿಲ್ಲ. ಮೈಯ ತುರಿಕೆಗಿಂತ ಆ ನಿಶ್ಶಬ್ದವೇ ನನ್ನನ್ನು ಹೆಚ್ಚು ಕಾಡಿತು.

"ಏನಾಯ್ತೋ?" ಎಂದು ಸಂಜೆ ಕಿಟಕಿಯಿಂದ ಹರೀಶನನ್ನು ಕೂಗಿದೆ.

"ಊರು ಸೇರಿದ್ರು ಕಣೇ."

"ಹೇಗೋ? ಕ್ಯಾಪ್ಟನ್ ಏನಂದ?"

"ಅವಳ ಥರ ಹೇಳೋಕೆ ನಂಗೆ ಬರಲ್ಲ."

ಮಾರನೆಯ ದಿನ ಗೇಟಿನ ಬಳಿಯಿಂದ ರೇಣುಕಾಳೇ, "ನೀರು ಹಾಕ್ಲಿ, ನಿನಗೊಬ್ಬಾಕಿಗೇ ಕುಂತು ಹೇಳ್ತೀನಿ," ಎಂದಳು. ನನಗೊಬ್ಬಳಿಗೇ ಎಂಬ ಮಾತನ್ನು ಹಿಡಿದುಕೊಂಡು ದಿನ ದೂಡಿದೆ. ಬೇವು ಅರಿಸಿನದ ನೀರು ಹಾಕುವ ಮೊದಲೇ ಅವಳ ಅಪ್ಪನಿಗೆ ಮತ್ತೆ ವರ್ಗವಾಯಿತು. ಸಾಮಾನಿನ ಲಾರಿ ತಿರುವಿನಲ್ಲಿ ಮರೆಯಾದದ್ದನ್ನೂ ಆ ಕಿಟಕಿಯಿಂದಲೇ ನೋಡಿದೆ.

ಈಗ ಜೆ.ಪಿ. ನಗರದಲ್ಲಿದ್ದೇನೆ. ಆ ಧಾರಾವಾಹಿ ಮೊಬೈಲಿನಲ್ಲೇ ಸಿಕ್ಕಿತು, ಸದ್ದಿನ ಸಮೇತ. ಆಫೀಸಿನಲ್ಲಿ ಯಾರೂ ಅದರ ಹೆಸರೇ ಕೇಳಿಲ್ಲ, ಅದು ಅನ್ಯಾಯ. ನಿಜಕ್ಕೂ ಒಳ್ಳೆಯ ಬರವಣಿಗೆ. ಆದರೆ ಕ್ಯಾಪ್ಟನ್ ಇಂಗ್ಲಿಷ್ ಮಾತಾಡಿದಾಗಲೆಲ್ಲ ಯಾರೋ ಬೇರೆಯವರು ಮಾತಾಡಿದ ಹಾಗಾಗುತ್ತದೆ. ಇಲ್ಲೂ ಅದು ಅರ್ಧಕ್ಕೇ ನಿಂತಿದೆ. ಮಾಡಿದವರೇ ಮುಗಿಸಿಲ್ಲ. ಹಡಗು ಊರು ಸೇರಿದ್ದು ಜಗತ್ತಿನಲ್ಲಿ ನಮ್ಮ ಬೀದಿಯ ಆ ಮಕ್ಕಳಿಗೆ ಮಾತ್ರ ಗೊತ್ತು.

ಮೊನ್ನೆ ಬನಶಂಕರಿಯ ಛತ್ರವೊಂದರಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಹರೀಶ ಸಿಕ್ಕಿದ. ಕೂದಲು ಉದುರಿದೆ. ಎಲೆ ಹಾಕಿದ ಕೂಡಲೇ ಕೇಳಿದೆ, "ರೇಣುಕಾ ತಾರಸಿ ಮೇಲೆ ಹೇಳಿದ್ಲಲ್ಲ, ಹಡಗಿನ ಕಥೆ. ಕೊನೇಲಿ ಏನಾಗತ್ತೋ?"

"ಯಾವ ಹಡಗೇ?" ಎಂದ. ಆಮೇಲೆ, "ಹಾಂ, ಅವತ್ತು ನಾವೆಲ್ಲ ಅತ್ತಿದ್ವಿ ಕಣೇ. ಯಾಕೆ ಅಂತ ಮಾತ್ರ ನೆನಪಿಲ್ಲ," ಎಂದು ನಕ್ಕು ಕೋಸಂಬರಿ ಹಾಕಿಸಿಕೊಂಡ.

ಅವನು ಮರೆತುಬಿಟ್ಟಿರುವ ಆ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.