ಮೂಕಿ ಸಿನಿಮಾಕ್ಕೆ ಯಜಮಾನರು ಹೇಳಿದ ಅರ್ಥ

ಮೊನ್ನೆ ನಮ್ಮ ಟೀವಿಯ ಸದ್ದು ಕೆಟ್ಟುಹೋಯಿತು. ಚಿತ್ರ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಧಾರಾವಾಹಿಯ ಗಂಡ ಹೆಂಡತಿ ಸುಮ್ಮನೆ ಬಾಯಿ ತೆರೆದು ಮುಚ್ಚಿ ಜಗಳವಾಡುತ್ತಿದ್ದರು. ರಿಪೇರಿಯವನು ಬರುವವರೆಗೂ ಅದನ್ನೇ ನೋಡುತ್ತಾ ಕೂತೆ. ಕಥೆಯೇನೂ ತಪ್ಪಿಹೋಗಲಿಲ್ಲ ಅನ್ನಿ. ಮನಸ್ಸು ಮಾತ್ರ ನಲವತ್ತು ವರ್ಷ ಹಿಂದಕ್ಕೆ, ಕೋಲಾರದ ಕಾಲೇಜೊಂದರ ಹಾಲಿಗೆ ಹೋಗಿ ಕೂತಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಮನೆ ಶ್ರೀನಿವಾಸಪುರದಲ್ಲಿ, ಯಜಮಾನರು ಅಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತರು. ನಾನು ಬಸ್ಸಿನಲ್ಲಿ ಹೋಗಿಬಂದು ಯಲ್ದೂರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಬೆಳಗಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಮೊದಲೇ ಹತ್ತಿ, ಸರೋಜಮ್ಮ ಟೀಚರಿಗೂ ನನಗೂ ಟವೆಲ್ ಹಾಸಿ ಸೀಟು ಹಿಡಿಯುತ್ತಿದ್ದರು. ಸರೋಜಮ್ಮ ಹೆರಿಗೆಗೆಂದು ರಜೆ ಹಾಕಿದ ಮೇಲೆ ಆ ಸೀಟು ನನ್ನೊಬ್ಬಳದಾಯಿತು. ಒಂದು ದಿನ ನಾನು ಮರೆತುಬಂದ ಊಟದ ಡಬ್ಬಿ ಕೊಡಲು ಬಸ್ ಸ್ಟ್ಯಾಂಡಿಗೆ ಓಡಿಬಂದ ಯಜಮಾನರು, ಮೇಷ್ಟ್ರು ಕಿಟಕಿಯಿಂದ ನನ್ನನ್ನು ಕೂಗಿ ಕರೆಯುವುದನ್ನು ನೋಡಿದರು.

ಜಗಳವಾಡಲಿಲ್ಲ. ಮಾತು ಬಿಟ್ಟರು. ಮೂರು ವಾರ 'ಬಂದೆ', 'ಹೋಗ್ತೀನಿ' ಅನ್ನುವ ಎರಡೇ ಪದದಲ್ಲಿ ನಮ್ಮ ಸಂಸಾರ ನಡೆಯಿತು. ಒಮ್ಮೆ ಸ್ನಾನ ಮುಗಿಸಿ ಬಂದಾಗ ಅವರು ನನ್ನ ವ್ಯಾನಿಟಿ ಬ್ಯಾಗು ತಡಕುತ್ತಿದ್ದರು. ಅದರಲ್ಲಿ ಸೀಮೆಸುಣ್ಣದ ತುಂಡು ಬಿಟ್ಟರೆ ಇನ್ನೇನಿದ್ದೀತು? ನೋಡದವಳಂತೆ ಹಿಂದಕ್ಕೆ ಸರಿದೆ.

ಅಷ್ಟರಲ್ಲಿ ರಾಯಲ್ಪಾಡಿನಿಂದ ಅತ್ತೆ ಬಂದರು. ಭಾನುವಾರ ಬೆಳಿಗ್ಗೆ ಕೋಲಾರದ ಆ ಕಾಲೇಜಿನಲ್ಲಿ ಹಳೆಯ ಮೂಕಿ ಸಿನಿಮಾ ತೋರಿಸುತ್ತಾರೆಂದು ಯಜಮಾನರಿಗೆ ಸ್ನೇಹಿತರೊಬ್ಬರು ಮೂರು ಪಾಸು ಕೊಟ್ಟಿದ್ದರು. ಸಿನಿಮಾ ಅಂದರೆ ಹಾಡು, ಕುಣಿತ ಅಂದುಕೊಂಡ ಅತ್ತೆ ರೇಷ್ಮೆ ಸೀರೆ ಉಟ್ಟು ಹೊರಟರು.

ಪರದೆಯ ಮೇಲೆ ಬಂದವರು ಯಾವುದೋ ದೇಶದ ಬಿಳಿಯರು. ಮಾತಿನ ಬದಲು ನಡುನಡುವೆ ಇಂಗ್ಲಿಷ್ ಅಕ್ಷರ. ನಮ್ಮಿಬ್ಬರ ನಡುವೆ ಕೂತಿದ್ದ ಅತ್ತೆಗೆ ಇಂಗ್ಲಿಷ್ ಬಾರದು. ಅಕ್ಷರ ಮೂಡಿದಾಗಲೆಲ್ಲ "ಏಮಂಟಾಡ್ರಾ?" ಎಂದು ತೆಲುಗಿನಲ್ಲಿ ಮಗನನ್ನು ತಿವಿಯುತ್ತಿದ್ದರು, ಏನಂತಾನೋ ಅವನು ಅಂತ. ಯಜಮಾನರು ಉತ್ಸಾಹದಿಂದಲೇ ಅರ್ಥ ಹೇಳಿದರು. ಹೆಂಡತಿಗೆ ಪಿಯಾನೋ ಕಲಿಸಲು ಒಬ್ಬ ಬರುತ್ತಾನೆ ಅನ್ನುವವರೆಗೂ ದನಿ ಸರಿಯಾಗಿತ್ತು. ಆಮೇಲೆ ಗಂಡ ಬಾಗಿಲ ಸಂದಿಯಿಂದ ಇಣುಕಿದ, ಹೆಂಡತಿಯ ಪೆಟ್ಟಿಗೆ ತೆರೆದು ಬಟ್ಟೆಯನ್ನೆಲ್ಲ ಕಿತ್ತುಹಾಕಿದ. ಯಜಮಾನರ ದನಿ ಅಡಗಿತು.

ಅತ್ತೆ ಬಿಡಲಿಲ್ಲ. "ಏನು ಹುಡುಕ್ತಾನೋ ಅವನು?"

"ಹೆಂಡ್ತಿ ಮೇಲೆ ಅನುಮಾನ, ಅಮ್ಮ."

"ಅವಳೇನಾದ್ರೂ ಮಾಡಿದ್ಲಾ?"

"ಇಲ್ಲ."

"ಅವಳನ್ನ ಕೇಳಿದ್ನಾ?"

"ಕೇಳ್ಲಿಲ್ಲ" ಅಂದರು ಯಜಮಾನರು.

"ಬಾಯಿಲ್ವೇನೋ ಅವನಿಗೆ" ಅಂದರು ಅತ್ತೆ.

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾವಿಬ್ಬರೂ ನಗಲಿಲ್ಲ. ಕೊನೆಗೆ ಆ ಹೆಂಡತಿ ಹಿಮದಲ್ಲಿ ಮನೆಬಿಟ್ಟು ಹೋದಳು. ಗಂಡನಿಗೆ ನಿಜ ತಿಳಿಯುವ ಹೊತ್ತಿಗೆ ಹೆಜ್ಜೆಗುರುತೂ ಮುಚ್ಚಿಹೋಗಿತ್ತು.

ಮರಳುವ ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ನಿದ್ದೆ ಹೋದರು. ಯಜಮಾನರು ಹೊರಗಿನ ಮಾವಿನ ತೋಪುಗಳನ್ನು ನೋಡುತ್ತಲೇ ಕೇಳಿದರು: "ಆ ಮೇಷ್ಟ್ರು ನಿನಗೊಬ್ಬಳಿಗೇ ಯಾಕೆ ಸೀಟು ಹಿಡೀತಾರೆ?"

ಹೇಳಿದೆ. ಒಂದು ನಿಮಿಷದ ಮಾತು. ಸರೋಜಮ್ಮನ ರಜೆಯ ವಿಷಯ ಕೇಳಿ ಅವರು ತಲೆ ತಗ್ಗಿಸಿದರು. ಅನುಮಾನ ಅಂದೇ ಸತ್ತಿತು ಅಂದರೆ ಸುಳ್ಳಾದೀತು, ಆಮೇಲೂ ಒಂದೆರಡು ಸಲ ತಲೆಯೆತ್ತಿತು. ಆದರೆ ಆಗೆಲ್ಲ ಬ್ಯಾಗು ತಡಕಲಿಲ್ಲ, ನನ್ನನ್ನೇ ಕೇಳಿದರು.

ಈ ಕಥೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಪ್ರತಿಸಲವೂ ತಪ್ಪೇ ಮಾಡದವಳು ನಾನು. ಮೊನ್ನೆ ಮಾತ್ರ ಬೇರೊಂದು ಹೊಳೆಯಿತು. ಅವರಿಗೆ ಏನು ಅನುಮಾನವೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಒಂದು ನಿಮಿಷದ ಮಾತನ್ನು ಮೂರು ವಾರ ನುಂಗಿಕೊಂಡಿದ್ದೆ, ಅವರು ಬೇಯಲಿ ಅಂತ. ಅದರಲ್ಲಿ ಒಂದಿಷ್ಟು ಸುಖವೂ ಇತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅದನ್ನು ಯಜಮಾನರಿಗೆ ಹೇಳಿದೆ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.

"ಆವಾಗ ನೀನಾಗಿ ಹೇಳಿದ್ರೆ ನಾನು ನಂಬ್ತಿರಲಿಲ್ಲ ಕಣೇ" ಅಂದರು.

ನೋವಾಯಿತು. ಆದರೂ ನಿಜ ಹೇಳಿದರಲ್ಲ ಅನ್ನಿಸಿತು. ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, ಪಕ್ಕದಲ್ಲೇ ಕೂತು ನಾನೂ ಉಂಡೆ.