ಅಕ್ಕನ ಗೋಡೆಯ ಮೇಲಿನ ಕಾಡು

ಮೊದಲ ಸಲ ಆ ಕಾಡಿನೊಳಗೆ ಕಾಲಿಟ್ಟಾಗ ನನ್ನ ಕಿವಿಯೇ ಹೋಯಿತೇನೋ ಅನ್ನಿಸಿತ್ತು. ಜೀರುಂಡೆಯಿಲ್ಲ, ಹಕ್ಕಿಯಿಲ್ಲ, ಮಟಮಟ ಮಧ್ಯಾಹ್ನವೇ ಮಬ್ಬು. ಕುಂದಾಪುರದಲ್ಲಿ ಒಂದೇ ಒಂದು ಮರದ ಕೆಳಗೆ ನಿಂತರೂ ಏನಾದರೊಂದು ಕಿರಿಚುತ್ತಿರುತ್ತದೆ. ಇಲ್ಲಿ, ಕಡಲಾಚೆಯ ಈ ದೇಶದ ಸ್ಲೈಗೋ ಊರಿನಾಚೆ, ಅಷ್ಟೊಂದು ಮರಗಳ ನಡುವೆ ನನ್ನ ಜಾಕೆಟ್ಟಿನ ಸರಬರ ಮಾತ್ರ.

ಹೆದರಿಕೆ ಕಳೆದ ಮೇಲೆ ಅದೇ ಮೌನ ಬೇಕೆನಿಸಿತು. ಗಂಡ ಆಸ್ಪತ್ರೆಯ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಬಾಡಿಗೆ ಮನೆಯಲ್ಲಿ ಗುಂಯ್‌ಗುಡುವ ಹೀಟರಿನ ಜೊತೆ ಎಷ್ಟು ಹೊತ್ತು ಕೂರಲಿ? ಮನೆ ಹಿಂದಿನ ದಾರಿ ಹಿಡಿದು ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೆ. ಪಾಚಿ ಹೊದ್ದ ಬೇರು, ಕಾಂಡಗಳ ನಡುವೆ ಉದ್ದಕ್ಕೆ ಬೀಳುವ ಬೆಳಕು. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮನ್ನು ಚಾಪೆಲ್‌ನಲ್ಲಿ ಸುಮ್ಮನೆ ಕೂರಿಸುತ್ತಿದ್ದರಲ್ಲ, ಆಗ ಬಾರದ ಸಮಾಧಾನ ಇಲ್ಲಿ ಬರುತ್ತಿತ್ತು. ಈ ದೇಶದಲ್ಲಿ ನನ್ನದು ಅನ್ನಿಸಿದ ಜಾಗ ಅದೊಂದೇ.

ಅಕ್ಕನಿಗೆ ಕಳಿಸಿದರೆ, “ಎಂತದ್ದು ಮಾರಾಯ್ತಿ, ಒಂದು ನರಪಿಳ್ಳೆಯೂ ಇಲ್ಲ! ನೀನಾದ್ರೂ ಒಂದು ಸೀರೆ ಉಟ್ಟು ನಿಲ್ಬಾರದಾ?” ಎನ್ನುತ್ತಿದ್ದಳು. ಹಾಗೆ ಬೈದುಕೊಂಡೇ ಒಂದಕ್ಕೆ ಕಟ್ಟು ಹಾಕಿಸಿ ಹಾಲ್‌ನ ಗೋಡೆಗೆ ತೂಗುಹಾಕಿದಳು.

ಕಳೆದ ಚಳಿಗಾಲದಲ್ಲಿ ಮರಗಳ ಮೇಲೆ ಕಿತ್ತಳೆ ಬಣ್ಣದ ಗುರುತುಗಳು ಕಂಡವು. ನಾಯಿ ಹಿಡಿದು ಬಂದ ಪಕ್ಕದ ಮನೆಯ ಬ್ರೀಡಾ ಅಜ್ಜಿಯನ್ನು ಕೇಳಿದೆ.

“ಕಡಿಯಲಿಕ್ಕೆ, ಮಗಳೇ. ಇದು ಬೆಳೆಯಲ್ಲವಾ, ನೆಟ್ಟದ್ದೇ ಕಡಿಯಲಿಕ್ಕೆ.”

“ನಾನು ಕಾಡು ಅಂದುಕೊಂಡಿದ್ದೆ.”

“ಸಾಲು ಕಾಣಲಿಲ್ಲವಾ ನಿನಗೆ?” ಎಂದು ನಕ್ಕರು.

ಕಡಲ ತಡಿಯಲ್ಲಿ ಸಾಲಾಗಿ ನೆಟ್ಟ ಗಾಳಿಮರದ ತೋಪು ನೋಡಿಯೇ ಬೆಳೆದವಳು ನಾನು! ಮನೆಗೆ ಬಂದು ಫೋಟೋಗಳನ್ನೆಲ್ಲ ಮತ್ತೆ ನೋಡಿದೆ. ಹಗ್ಗ ಹಿಡಿದು ನೆಟ್ಟಂತೆ ಸಾಲು ಸಾಲು. ನಾನು ಮೆಚ್ಚಿದ ಬೆಳಕು ಬಿದ್ದದ್ದೇ ಆ ಸಾಲುಗಳ ಸಂದಿಯಲ್ಲಿ.

ಯಂತ್ರಗಳು ಬಂದು ಹೋದವು. ಈಗ ಅಡುಗೆಮನೆ ಕಿಟಕಿಯಲ್ಲಿ ಬೊಡ್ಡೆಗಳು, ಕೆಸರು, ಬೇಡದಷ್ಟು ಆಕಾಶ. “ದೇ ವಿಲ್ ಪ್ಲಾಂಟ್ ಇಟ್ ಅಗೇನ್, ಅಮ್ಮಾ. ಇಟ್ಸ್ ಗ್ರ್ಯಾಂಡ್,” ಎನ್ನುತ್ತಾಳೆ ಮಗಳು. ಇಲ್ಲಿ ಎಲ್ಲಕ್ಕೂ ಗ್ರ್ಯಾಂಡ್. ಪರವಾಗಿಲ್ಲ ಬಿಡು ಅಂತ. ಅವು ಬೆಳೆಯುವಷ್ಟರಲ್ಲಿ ಅವಳಿಗೇ ನನ್ನ ವಯಸ್ಸಾಗಿರುತ್ತದೆ. ಬೇರೆ ಜಾಗ ಹುಡುಕಲು ನನ್ನ ಕಾಲಿಗೆ ಮನಸ್ಸಿಲ್ಲ.

ನಿನ್ನೆ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ, “ಫೋನು ಸ್ವಲ್ಪ ಗೋಡೆ ಕಡೆ ತಿರುಗಿಸೇ,” ಎಂದೆ.

“ಕುಂದಾಪುರಕ್ಕೆ ಫೋನ್ ಮಾಡಿ ನಿನ್ನೂರಿನ ಮರ ನೋಡ್ತೀಯಾ? ಸರಿ ಹೋಯ್ತು!” ಎನ್ನುತ್ತಲೇ ತಿರುಗಿಸಿದಳು.

ಕಟ್ಟಿನ ಗಾಜಿನ ಮೇಲೆ ಫ್ಯಾನಿನ ನೆರಳು ಸುತ್ತುತ್ತಿತ್ತು. ಅದರ ಹಿಂದೆ ನನ್ನ ಸದ್ದಿಲ್ಲದ ಕಾಡು. ನೋಡುತ್ತಿದ್ದಂತೆ ಅಕ್ಕನ ಮನೆಯ ಹೊರಗೆಲ್ಲೋ ಕಾಗೆ ಕೂಗಿತು.