ಒಂದು ಹೂವಿಗೆ ಒಂದೇ ಮಾತು

ಆಗ ನನಗೆ ಮೂವತ್ತೆಂಟು ವರ್ಷ. ಇದು ನಡೆದು ನಲವತ್ತೈದು ವರ್ಷ ಆಗಿರಬೇಕು. ಒಂದೆರಡು ಹೆಚ್ಚುಕಮ್ಮಿ ಇದ್ದರೆ ಯಾರೂ ಸಾಯುವುದಿಲ್ಲ. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ಕಂಡರೆ ಈಗಲೂ ಕೈ ನಿಲ್ಲುತ್ತದೆ. ಆದರೆ ಚಿಂತೆ ಮಾಡುವುದರಲ್ಲಿ ಮಾತ್ರ ಇಡೀ ಅಜ್ಜಂಪುರದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ಹಾಲು ಉಕ್ಕಿದರೆ ಚಿಂತೆ. ಉಕ್ಕದಿದ್ದರೆ ಎಮ್ಮೆಗೆ ಏನಾಯಿತೋ ಎಂದು ಚಿಂತೆ. ನನ್ನ ಗಂಡ ಹಿಟ್ಟಿನ ಗಿರಣಿಯಲ್ಲಿದ್ದ. ಅವನು ತಡವಾಗಿ ಬಂದರೆ ಬೆಲ್ಟಿಗೆ ಕೈ ಕೊಟ್ಟನೇನೋ ಎಂದು ಚಿಂತೆ, ಬೇಗ ಬಂದರೆ ಕೆಲಸದಿಂದ ತೆಗೆದರೇನೋ ಎಂದು ಚಿಂತೆ. ಬಸ್ಸು ಹತ್ತಿ ಕೂತ ಮೇಲೆ ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂದು ಇಳಿದು ಓಡುತ್ತಿದ್ದೆ. ಕಡೂರು ಬಸ್ಸಿನ ಕಂಡಕ್ಟರನಿಗೆ ಇದು ಅಭ್ಯಾಸವಾಗಿಹೋಗಿತ್ತು. ನನ್ನ ತಲೆ ಕಂಡ ಕೂಡಲೇ, "ಚಿಲಕ ನೋಡ್ಕಂಡ್ ಬಂದ್ಯೇನಕ್ಕ? ಬಂದಿದ್ರೆ ರೈಟ್ ಅಂತೀನಿ" ಎನ್ನುತ್ತಿದ್ದ. ಬಸ್ಸೆಲ್ಲ ನಗುತ್ತಿತ್ತು. ನಾನು ಮಾತ್ರ ಒಲೆ ಆರಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಕಡೂರಿನಲ್ಲಿ ಒಬ್ಬರು ಅಡುಗೆಯವರಿದ್ದರು. ಮದುವೆ, ಗೃಹಪ್ರವೇಶಗಳಿಗೆ ಅವರದೇ ಅಡುಗೆ. ಆರು ವರ್ಷ ಅವರ ಕೈಕೆಳಗೆ ಹೋದೆ. ತರಕಾರಿ ಹೆಚ್ಚುವುದು, ಹೋಳಿಗೆಗೆ ಹೂರಣ ರುಬ್ಬುವುದು, ಅಷ್ಟೇ ನನ್ನ ಕೆಲಸ. ದೊಡ್ಡ ಒಲೆಯ ಹತ್ತಿರ ಸುಳಿಯುವ ಹಾಗಿಲ್ಲ. "ಹೆಂಗಸ್ರ ಕೈಗೆ ಹತ್ತು ಜನದ ಅಳತೆ ಗೊತ್ತು ಕಣಮ್ಮ. ಊರಿಗೆ ಊರೇ ಉಣ್ಣೋದರ ಅಳತೆ ಎಲ್ಲಿ ಗೊತ್ತಾಗ್ತೈತೆ?" ಎನ್ನುತ್ತಿದ್ದರು. ನಾನು ರುಬ್ಬುತ್ತಲೇ ಇದ್ದೆ. ಆದರೆ ಅವರು ಯಾವಾಗ ಬೇಳೆ ಇಳಿಸುತ್ತಾರೆ, ಯಾವಾಗ ಬೆಂಕಿ ಹಿಂದಕ್ಕೆ ಎಳೆಯುತ್ತಾರೆ ಎಂಬುದನ್ನೆಲ್ಲ ಓರೆಗಣ್ಣಿನಲ್ಲಿ ನೋಡಿಟ್ಟುಕೊಂಡಿದ್ದೆ.

ಒಂದು ದಿನ ಬೆಳಿಗ್ಗೆ ಅದೇ ಕಂಡಕ್ಟರ್ ಬಸ್ಸು ನಿಲ್ಲಿಸಿ ನಮ್ಮ ಮನೆ ಬಾಗಿಲಿಗೇ ಬಂದ.

"ಅಡುಗೇರು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರ್ಕಂಡವ್ರೆ ಕಣಕ್ಕ. ನಾಡಿದ್ದು ತರೀಕೆರೆ ಮದ್ವೆ ನೀನೇ ಮಾಡ್ಬೇಕಂತೆ."

"ನಾನಾ? ಹೆಚ್ಚೋಕಾ?"

"ಹೆಚ್ಚೋಕಲ್ಲ, ಮಾಡೋಕೆ! ಕೈಲಾಗಲ್ಲ ಅಂದ್ರೆ ಸಂಜೆ ಬಸ್ಸಿಗೆ ಹೇಳಿ ಕಳಿಸ್ಬೇಕಂತೆ. ಬೇರೆಯವ್ರನ್ನ ನೋಡ್ತಾರಂತೆ."

ಅವನು ಹೋದ. ನಾನು ಹೊಸ್ತಿಲ ಮೇಲೆ ಕೂತೆ. ಈ ಮದುವೆ ದಾಟಿಸಿದರೆ ನಾನೂ ಒಬ್ಬ ಅಡುಗೆಯವಳು. ಒಲ್ಲೆ ಎಂದರೆ ಇನ್ನೊಬ್ಬರ ಒಲೆಗೆ ರುಬ್ಬುತ್ತಲೇ ಕೈ ಸವೆಸಬೇಕು, ಇನ್ನೊಂದು ಸಲ ಯಾರೂ ಕರೆಯುವುದಿಲ್ಲ. ಅಷ್ಟು ನನಗೆ ಚೆನ್ನಾಗಿ ಗೊತ್ತಿತ್ತು.

ಒಳಗಿನಿಂದ ಅತ್ತೆ ಕೇಳಿಸಿಕೊಂಡಿದ್ದರು. ಚಾಪೆ ಹಾಸುವ ಸದ್ದಾಯಿತು.

"ನಾಡಿದ್ದಾ? ನಾಡಿದ್ದು ನಾನ್ ಇರಲ್ಲ ಕಣೇ."

"ಎಲ್ಲಿಗ್ ಹೋಗ್ತೀರಿ ಅತ್ತೆ?"

"ಈ ವಯಸ್ಸಲ್ಲಿ ಎಲ್ಲಿಗ್ ಹೋಗ್ತಾರೆ? ಶಿವನ ಪಾದಕ್ಕೆ."

ನಮ್ಮತ್ತೆ ಇದಕ್ಕೆ ಮುಂಚೆಯೂ ಸತ್ತಿದ್ದರು. ನನ್ನ ತಮ್ಮನ ಮದುವೆಗೆ ಹೊರಟಾಗ ಸಾಯಲು ಮಲಗಿದರು. ಬೀರೂರಿಗೆ ಸಿನಿಮಾ ನೋಡಲು ಹೊರಟಾಗ ಎದೆ ಹಿಡಿದುಕೊಂಡರು; ಅವರನ್ನೂ ಕರೆದುಕೊಂಡು ಹೋದ ಮೇಲೆ ಇಂಟರ್‌ವಲ್‌ನಲ್ಲಿ ಎರಡು ಬೋಂಡ ತಿಂದರು. ನನ್ನ ಒಳ್ಳೆಯ ಸೀರೆ ಪೆಟ್ಟಿಗೆಯಿಂದ ಹೊರಗೆ ಬಂದರೆ ಅವರ ಪ್ರಾಣವೂ ಹೊರಡುತ್ತಿತ್ತು. ಅದು ಗೊತ್ತಿದ್ದೂ ಪ್ರತಿ ಸಲವೂ, ಈ ಸಲ ನಿಜವಿದ್ದರೆ ಎಂದು ಕಾಲು ಹಿಂದಕ್ಕೆ ಬರುತ್ತಿತ್ತು.

ಇದು ಸಾಲದು ಎಂದು ಎಮ್ಮೆಗೆ ದಿನ ತುಂಬಿತ್ತು. ಕೆಚ್ಚಲು ಇಳಿದು ಇವತ್ತೋ ನಾಳೆಯೋ ಎನ್ನುವ ಹಾಗಿತ್ತು. ಈದ ಮೇಲೆ ಕಸ, ಅಂದರೆ ಮಾಸು, ಬೀಳುವ ತನಕ ಒಬ್ಬರು ಕಾವಲು ಕೂರಬೇಕು, ಇಲ್ಲದಿದ್ದರೆ ಎಮ್ಮೆ ಅದನ್ನು ತಾನೇ ತಿಂದುಬಿಡುತ್ತದೆ, ಆಮೇಲೆ ಹಾಲು ಹೋಯಿತು ಎನ್ನುತ್ತಾರೆ ನಮ್ಮ ಕಡೆ.

ಗಂಡನನ್ನು ಕೇಳಿದೆ. "ನೋಡಾನ ಬಿಡು" ಎಂದ. ಮದುವೆಯಾದಾಗಿನಿಂದ ಅವನು ಎಲ್ಲದಕ್ಕೂ ಹೇಳಿರುವುದು ಅದನ್ನೇ. ಏನನ್ನೂ ನೋಡಿದ್ದು ಮಾತ್ರ ಕಾಣೆ.

ಸರಿ, ದೇವರನ್ನೇ ಕೇಳೋಣ ಎಂದು ಗುಡಿಗೆ ಹೋದೆ. ನಮ್ಮಲ್ಲಿ ಹೂವು ಕೇಳುವ ಪದ್ಧತಿ. ಪೂಜಾರಿ ಹೂವಿನ ಎಸಳುಗಳನ್ನು ನೀರಲ್ಲಿ ಅದ್ದಿ ವೀರಭದ್ರ ದೇವರ ಮೈಮೇಲೆ ಎರಡು ಕಡೆಯೂ ಅಂಟಿಸುತ್ತಾನೆ. ನಾವು ಮನಸ್ಸಿನಲ್ಲಿದ್ದದ್ದನ್ನು ಕೇಳಿ ಕೈಮುಗಿದು ನಿಲ್ಲಬೇಕು. ಬಲಗಡೆಯದು ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದು ಬಿದ್ದರೆ ಬೇಡ ಎಂದು.

"ಏನ್ ಕೇಳ್ತೀಯಮ್ಮ, ಬಾಯ್ಬಿಟ್ಟೇ ಕೇಳು" ಎಂದ ಪೂಜಾರಿ.

ಕೇಳಿದೆ. "ಸ್ವಾಮಿ, ನಾನು ತರೀಕೆರೆಗೆ ಹೋಗ್ಲಾ, ಹೋದ್ರೆ ನಮ್ಮತ್ತೆ ಉಳೀತಾರಾ, ಎಮ್ಮೆ ನಾಳೆನೇ ಈಯುತ್ತಾ, ಈದ್ರೆ ಹೆಣ್ಣುಗರುನಾ, ಹೋಳಿಗೆ ಹೂರಣ ನೀರಾದ್ರೆ ಏನ್ಮಾಡ್ಲಿ, ಪಾಯಸ ತಳ ಹಿಡಿಯಲ್ಲ ತಾನೆ…"

ಬಲಗಡೆ ಒಂದು ಎಸಳು ಬಿತ್ತು. ಹಿಂದೆಯೇ ಎಡಗಡೆಯೂ ಒಂದು ಬಿತ್ತು. ಮೂರನೆಯದು ಜಾರಿ ಬಂದು ದೇವರ ಬೆಳ್ಳಿ ಮೀಸೆಯ ಮೇಲೆ ನಿಂತಿತು.

ಪೂಜಾರಿ ನನ್ನ ಕಡೆ ತಿರುಗಿದ. "ದೇವರಿಗೇ ತಲೆ ಕೆಡಿಸಿದ್ಯಲ್ಲಮ್ಮ! ಒಂದು ಹೂವಿಗೆ ಒಂದೇ ಮಾತು ಅಂತ ಗೊತ್ತಿಲ್ವಾ? ದೇವರು ಯಾವುದಕ್ಕೆ ಅಂತ ಉತ್ತರ ಕೊಡ್ಬೇಕು, ನಿನ್ ಹೂರಣಕ್ಕಾ, ನಿಮ್ಮತ್ತೆಗಾ?"

"ಇನ್ನೊಂದ್ಸಲ ಕೇಳ್ಬೋದಾ?"

"ಒಬ್ರಿಗೆ ವಾರಕ್ಕೆ ಒಂದ್ಸಲ. ಸೋಮವಾರ ಬಾ."

"ಸೋಮವಾರದ ಹೊತ್ತಿಗೆ ಆ ಹುಡುಗಿ ಬಸುರಿಯಾಗಿರ್ತಾಳೆ, ಮದ್ವೆ ಇರೋದು ನಾಡಿದ್ದು!"

ಪೂಜಾರಿಗೆ ನಗು ಬಂತು. "ಆಗ್ಲಿ, ಮೀಸೆ ಮೇಲೆ ನಿಂತಿದ್ದು ಲೆಕ್ಕಕ್ಕಿಲ್ಲ. ಒಂದೇ ಒಂದು ಕೇಳು. ಯೋಚ್ನೆ ಮಾಡಿ ಕೇಳು" ಎಂದು ಇನ್ನೊಂದು ಜೊತೆ ಎಸಳು ಅಂಟಿಸಿದ.

ಯೋಚನೆ ಮಾಡಿದೆ. ಹುಟ್ಟಿದಾಗಿನಿಂದ ಚಿಂತೆ ಮಾಡಿದ್ದೆನೇ ಹೊರತು ಯೋಚನೆ ಎಂಬುದನ್ನು ಮಾಡಿದ್ದು ಅವತ್ತೇ. ಅತ್ತೆಯದು ಕೇಳಲೇ? ಅವರು ಉಳಿಯುತ್ತಾರೆ ಎಂದು ಹೂವು ಹೇಳಿದರೂ ಅವರು ಒಪ್ಪುವವರಲ್ಲ. ಎಮ್ಮೆಯದು ಕೇಳಲೇ? ಅದು ಈಯುವುದಕ್ಕೆ ನನ್ನನ್ನೂ ಕಾಯುವುದಿಲ್ಲ, ದೇವರನ್ನೂ ಕಾಯುವುದಿಲ್ಲ. ಪಾಯಸದ ತಳ ನೋಡಿಕೊಳ್ಳಬೇಕಾದ್ದು ಸೌಟು. ಹಾಗೆ ಒಂದೊಂದನ್ನೇ ತೆಗೆದು ಪಕ್ಕಕ್ಕಿಟ್ಟರೆ ಉಳಿದದ್ದು ಒಂದೇ: ತರೀಕೆರೆಗೆ ಹೋಗಲೋ ಬೇಡವೋ.

ಅದನ್ನೇ ಕೇಳೋಣ ಎಂದು ಬಾಯಿ ತೆರೆದೆ. ಎಡಗಡೆಯ ಎಸಳು ಸ್ವಲ್ಪ ಕೆಳಗೆ ಜಾರಿದ ಹಾಗೆ ಕಂಡಿತು. ಬೇಡ ಎಂದುಬಿಟ್ಟರೆ? ಸಿಟ್ಟು ಬಂತು. ಆರು ವರ್ಷ ರುಬ್ಬಿದವಳು ನಾನು, ಬೇಡ ಎನ್ನಲು ಇವನು ಯಾರು!

"ಕೇಳಲ್ಲ, ಬಿಡಿ" ಎಂದೆ.

"ಏನಮ್ಮ ಇದು! ಹೂ ಅಂಟಿಸ್ಕಂಡು ದೇವರು ಕಾಯ್ತಾ ನಿಂತವ್ನೆ!"

"ಬೇರೆ ಯಾರಾದ್ರೂ ಕೇಳ್ಕಳ್ಳಿ. ನಾನು ಹೋಗ್ಬೇಕು, ಮಾಡೋ ಕೆಲಸ ಐತೆ."

ಕೆನ್ನೆ ಕೆನ್ನೆ ಬಡಿದುಕೊಂಡು ತಪ್ಪಾಯಿತು ಎಂದು ಹೇಳಿಯೇ ಬಂದೆ. ದೇವರ ಜೊತೆ ಜಗಳ ಇಟ್ಟುಕೊಳ್ಳುವಷ್ಟು ಪುರಸೊತ್ತು ನನಗಿರಲಿಲ್ಲ.

ಮನೆಗೆ ಬಂದವಳೇ ಅತ್ತೆಯ ಚಾಪೆಯನ್ನು ಎತ್ತಿ ಕೊಟ್ಟಿಗೆಯಲ್ಲಿ ಹಾಸಿದೆ.

"ಲೇ, ನನ್ ಚಾಪೆ ಎಲ್ಲಿಗೆ ತಗಂಡ್ ಹೋಗ್ತೀಯೇ?"

"ಕೊಟ್ಟಿಗೇಗೆ. ನಿಮ್ಮ ಮಗನ್ನ ನಂಬಿದ್ರೆ ಎಮ್ಮೆ ಕಸ ತಿಂದೇ ತಿನ್ನುತ್ತೆ. ನೀವು ಕೂತು ನೋಡ್ಕಳ್ಳಿ."

"ಸಾಯೋಳಿಗೆ ಎಮ್ಮೆ ಕಾಯೋ ಕೆಲಸ ಹಚ್ತೀಯಾ?"

"ಎಮ್ಮೆ ಈದ ಮೇಲೆ ಸಾಯಿರಿ ಅತ್ತೆ. ಕಸ ಬಿದ್ಮೇಲೆ. ಗಿಣ್ಣು ಕಾಯಿಸಿ ತಿಂದ್ಮೇಲೆ."

"ನಿನ್ ಬಾಯಿಗ್ ಮಣ್ಣಾಕ" ಎಂದರು. ಆದರೆ ಗಿಣ್ಣು ಎಂದ ಕೂಡಲೇ ಎದ್ದು ಕೂತಿದ್ದರು. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯಿಂದ, "ಈ ಹಗ್ಗ ಕಟ್ಟಿರೋದು ಯಾವೋಳು? ಇದೊಂದು ಗಂಟಾ?" ಎಂದು ಕೂಗು ಕೇಳಿಸಿತು. ಸಂಜೆ ಬಸ್ಸಿಗೆ ನಾನು ಯಾವ ಸುದ್ದಿಯನ್ನೂ ಕಳಿಸಲಿಲ್ಲ.

ಮದುವೆ ದಿನ ತರೀಕೆರೆಯ ಛತ್ರದಲ್ಲಿ ಬೆಳಕು ಹರಿಯುವ ಹೊತ್ತಿಗೆ ಒಲೆ ಹಚ್ಚಿದೆ. ಅಡುಗೆಯವರ ಕಡೆಯ ಇಬ್ಬರು ಗಂಡಸರು ಕೈಕೆಲಸಕ್ಕೆ ಸಿಕ್ಕಿದ್ದರು. ಹುಡುಗಿಯ ಸೋದರಮಾವ ಬಂದು ನನ್ನ ಹಿಂದೆ ಮುಂದೆ ನೋಡಿ, "ಅಡುಗೇರು ಎಲ್ಲಮ್ಮ?" ಎಂದ. "ಇಲ್ಲೇ" ಎಂದೆ. ಅವನು ಒಲೆಯ ಹಿಂದೆಯೂ ಬಗ್ಗಿ ನೋಡಿದ.

ಹೋಳಿಗೆ ಊಟ. ಅದರಲ್ಲಿ ಎಲ್ಲ ನಿಂತಿರುವುದು ಬೇಳೆಯ ಮೇಲೆ. ತೊಗರಿಬೇಳೆ ಬೆರಳಿಗೆ ಹಿಸುಕಿದರೆ ಹಿಸುಕಬೇಕು, ಕರಗಬಾರದು. ಆ ಹದದಲ್ಲೇ ಇಳಿಸಿ ಬಸಿಯಬೇಕು. ಬಸಿದ ಕಟ್ಟಿನಲ್ಲಿ ಸಾರು, ಉಳಿದ ಬೇಳೆಯಲ್ಲಿ ಹೂರಣ. ಒಂದು ಗಳಿಗೆ ಮೀರಿದರೆ ಎರಡೂ ಹಾಳು. ಊಟಕ್ಕೆ ಕೂತವರು ಹೋಳಿಗೆಯನ್ನು ಕುಡಿಯಬೇಕಾಗುತ್ತದೆ.

ನಾನು ಬೇಳೆ ಹಿಸುಕಿ ನೋಡುತ್ತಿರುವಾಗಲೇ ಸೋದರಮಾವ ಓಡಿಬಂದ.

"ಬೀಗರು ಬಂದ್ಬಿಟ್ರು! ಕಾಫಿ ಕೊಡಿ! ಆ ಕಡೆಯ ಮಗೀಗೆ ಬಿಸಿನೀರ್ ಬೇಕಂತೆ! ಉಪ್ಪಿಟ್ಟು ಆಗಿಲ್ವಾ? ಪಾಯಸಕ್ಕೆ ದ್ರಾಕ್ಷಿ ಜಾಸ್ತಿ ಹಾಕ್ಬೇಕಂತಾಳೆ ನಮ್ಮಕ್ಕ!"

ಮೊದಲಿನ ನಾನಾಗಿದ್ದರೆ ನಾಲ್ಕು ಕಡೆಗೂ ಓಡುತ್ತಿದ್ದೆ. ಕೈಯಲ್ಲಿ ಬೇಳೆ ಇತ್ತು. ಇನ್ನೇನು ಹದಕ್ಕೆ ಬರುವುದರಲ್ಲಿತ್ತು.

"ಯಜಮಾನ್ರೇ, ಯಾವುದಿಲ್ದಿದ್ರೆ ಈ ಮದ್ವೆ ನಿಂತೋಗುತ್ತೆ? ಅದೊಂದನ್ನ ಹೇಳಿ."

ಅವನು ನಿಂತು ಯೋಚಿಸಿದ. "ತಾಳಿ" ಎಂದ.

"ಅದು ನನ್ನ ಒಲೆ ಮೇಲಿಲ್ಲ. ಹೋಗಿ ಅದನ್ನ ನೋಡ್ಕಳ್ಳಿ."

ಅವನ ಮುಖ ಸುಣ್ಣದ ಹಾಗಾಯಿತು. ಜೇಬು ತಡವಿಕೊಂಡ, ಸೊಂಟ ತಡವಿಕೊಂಡ, ಪಂಚೆ ಎತ್ತಿ ಕಟ್ಟಿಕೊಂಡು ಓಡಿದ. ಮುಹೂರ್ತ ಮುಗಿಯುವ ತನಕ ಅಡುಗೆಮನೆ ಕಡೆ ತಲೆ ಹಾಕಲಿಲ್ಲ. ಕಾಫಿಗೆ ಒಬ್ಬನನ್ನು, ಉಪ್ಪಿಟ್ಟಿಗೆ ಇನ್ನೊಬ್ಬನನ್ನು ಅಟ್ಟಿ, ನಾನು ಬೇಳೆ ಇಳಿಸಿ ಬಸಿದೆ. ಹದ ಸರಿಯಾಗಿತ್ತು. ಹಾಗೆಂದು ಚಿಂತೆ ಬಿಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಾರಿಗೆ ಉಪ್ಪು ಹಾಕುವಾಗ ಅರ್ಧ ಒಲೆಗೆ ಬಿತ್ತು, ಅದರ ಬದಲಿಗೆ ಅಂದಾಜಿನಲ್ಲಿ ಇನ್ನಷ್ಟು ಹಾಕಿದೆ.

ಊರ ಹಿರಿಯರು ಮೊದಲ ಪಂಕ್ತಿಗೆ ಕೂರುತ್ತಾರೆ. ಅವರು ಸುಮ್ಮನೆ ಎದ್ದು ಹೋದರೆ ಅಡುಗೆಯವರ ಕಥೆ ಮುಗಿಯಿತು. ನಾನೇ ಸಾರಿನ ಬಕೆಟ್ಟು ಹಿಡಿದು ಹೋದೆ. ಹಲ್ಲಿಲ್ಲದ ಒಬ್ಬ ಮುದುಕ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ತಿಂದ. ಬಾಯಿ ಆಡಿಸಿದ. ಇನ್ನೂ ಆಡಿಸಿದ. ನಾನು ಅವನ ಬಾಯಿಯನ್ನೇ ನೋಡುತ್ತ ನಿಂತೆ.

"ಉಪ್ಪು ಒಂದು ಹರಳು ಮುಂದೈತೆ" ಎಂದ.

ನಾನು ಬಕೆಟ್ಟು ಹಿಂದಕ್ಕೆ ಎಳೆದುಕೊಂಡೆ. ಅಷ್ಟರಲ್ಲಿ ಅವನು ಎಲೆಯ ಮೇಲೆ ಅಂಗೈ ಬಟ್ಟಲು ಮಾಡಿ ಹಿಡಿದ. "ಏನ್ ನೋಡ್ತಾ ನಿಂತ್ಯವ್ವ? ಬಿಡು ಇನ್ನೊಂದ್ ಸೌಟು."

ಸೊರ್ ಎಂದು ಕುಡಿದು ಮತ್ತೆ ಕೈ ಹಿಡಿದ. ಪಕ್ಕದವನೂ ಹಿಡಿದ. ಮೂರನೇ ಪಂಕ್ತಿಗೆ ಸಾರು ಸಾಲದೆ ಬಿಸಿನೀರು ಬೆರೆಸಿದೆ. ಅದನ್ನು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಹೊರಡುವಾಗ ಸೋದರಮಾವ ಎಲೆಯಡಿಕೆ ಕೊಟ್ಟು ಹೇಳಿದ: "ಮುಂದಿನ ತಿಂಗ್ಳು ಲಿಂಗದಹಳ್ಳೀಲಿ ನಮ್ಮ ಷಡ್ಡಕನ ಮಗಳ ಮದ್ವೆ ಐತೆ. ನೀನೇ ಬಂದ್ಬಿಡಮ್ಮ."

"ಬತ್ತೀನಿ" ಎಂದೆ. ಯಾರನ್ನೂ ಕೇಳದೆ ಹೇಳಿದೆ.

ಸಂಜೆ ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ಕೋಣಗರು ನಿಂತಿತ್ತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗನನ್ನು ನೀರು ತಾ, ಹುಲ್ಲು ತಾ ಎಂದು ಓಡಾಡಿಸುತ್ತಿದ್ದರು. ಅವನ ಬಾಯಿಂದ "ನೋಡಾನ" ಬರಲು ಜಾಗವೇ ಇರಲಿಲ್ಲ.

"ಹೆಂಗಿದೀರಿ ಅತ್ತೆ?"

"ಹೆಂಗಿರ್ತೀನಿ? ಸಾಯೋಕೂ ಬಿಡ್ಲಿಲ್ಲ ನಿನ್ ಎಮ್ಮೆ" ಎಂದರು. "ಮುಂದಿನ ಮದ್ವೆ ಯಾವಾಗ್ಲೇ? ಮೊದ್ಲೇ ಹೇಳು."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಡೂರಿಗೆ ಹೋದೆ. ಅಡುಗೆಯವರು ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದರು. ಲಿಂಗದಹಳ್ಳಿಯ ಮದುವೆ ನಾನೇ ಒಪ್ಪಿಕೊಂಡಿದ್ದೇನೆ, ಇನ್ನು ಮೇಲೆ ರುಬ್ಬುವುದಕ್ಕೆ ಬರುವುದಿಲ್ಲ ಎಂದು ಅವರ ಮುಖ ನೋಡಿಯೇ ಹೇಳಿದೆ. ಅವರು ಬ್ಯಾಂಡೇಜಿನ ಗಂಟು ಬಿಗಿ ಮಾಡಿಕೊಂಡರು. ಕಾಲು ವಾಸಿಯಾದರೆ ಅವರೂ ಬರಬಹುದು, ಕೂತು ಮಾಡುವ ಕೆಲಸ ಕೊಡುತ್ತೇನೆ ಎಂದೂ ಹೇಳಿದೆ. ಅವರ ಹೆಂಡತಿ ಒಳಗೆ ನಕ್ಕ ಸದ್ದು ಕೇಳಿಸಿತು. ಆಕೆ ತಂದುಕೊಟ್ಟ ಕಾಫಿ ಕುಡಿದು, ಅಡುಗೆಯವರ ದೊಡ್ಡ ಕೊಪ್ಪರಿಗೆಯನ್ನು ಎರವಲು ಕೇಳಿ ಈಸಿಕೊಂಡು, ತಲೆಯ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆದೆ.